ಸಂಪಾದಕರ ಉತ್ತರ: ನೇಕಾರರ ಕಾಲಿಗೆ ಶೇಕಡಾ ಎಷ್ಟು?

ಬೆಟಗೇರಿಯ ಓದುಗರೊಬ್ಬರ ಪತ್ರದ ಸಾರ: ಕೈಮಗ್ಗದ ನೇಕಾರರಾದ ನನ್ನ ಯಜಮಾನರಿಗೆ 38 ವರ್ಷ. ನಾಲ್ಕು ತಿಂಗಳ ಹಿಂದೆ ಹುಬ್ಬಳ್ಳಿಯಿಂದ ಬೈಕಿನಲ್ಲಿ ಬರುವಾಗ ಅಣ್ಣಿಗೇರಿಯ ಹತ್ತಿರ ಹಿಂದಿನಿಂದ ಕಾರು ಗುದ್ದಿ ಅವರ ಬಲಗಾಲಿನ ಪಾದದ ಕೀಲು ಮುರಿಯಿತು. ಪೊಲೀಸ್ ಕೇಸ್ ಆಗಿದೆ. ಡಾಕ್ಟರು ಶೇ 20ರಷ್ಟು ಅಂಗವಿಕಲತೆ ಎಂದು ಬರೆದುಕೊಟ್ಟಿದ್ದಾರೆ. ಕಾರಿನ ಮಾಲೀಕರು 60,000 ರೂಪಾಯಿ ಕೊಟ್ಟು ಬಾಂಡ್ ಪೇಪರಿಗೆ ಸಹಿ ಕೇಳುತ್ತಿದ್ದಾರೆ. ಯಜಮಾನರ ಲೈಸೆನ್ಸ್ ಅವಧಿ ಮುಗಿದಿತ್ತು, ಹೆಲ್ಮೆಟ್ ಇರಲಿಲ್ಲ. ಗಾಬರಿಯಲ್ಲಿ ಮೈದುನ ಆಸ್ಪತ್ರೆಯಲ್ಲಿ ‘ಗಾಡಿ ಜಾರಿ ಬಿದ್ದರು’ ಎಂದು ಬರೆಸಿದ್ದಾನೆ. ನಾವು ಪರಿಹಾರ ಕೇಳಬಹುದೇ?

ಸೋದರಿ,

ಕೇಳಬಹುದು, ಆದರೆ ತಡಮಾಡಬಾರದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನ ಪರಿಹಾರದ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಸಲ್ಲಿಸಬೇಕು. ಈ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ ಎಂಬುದು ನಿಜವಾದರೂ, ಆ ನಂಬಿಕೆಯ ಮೇಲೆ ನಿಮ್ಮ ಕೈಯಲ್ಲಿರುವ ಎರಡು ತಿಂಗಳನ್ನು ಕಳೆದುಕೊಳ್ಳುವುದು ಸರಿಯಲ್ಲ. ಅಪಘಾತ ಧಾರವಾಡ ಜಿಲ್ಲೆಯಲ್ಲಿ ನಡೆದಿದ್ದರೂ ನೀವು ಅಲ್ಲಿಗೆ ಅಲೆಯಬೇಕಾಗಿಲ್ಲ. ಅರ್ಜಿದಾರರು ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಿಯೂ, ಅಂದರೆ ಗದಗಿನಲ್ಲಿಯೇ, ಅರ್ಜಿ ಹಾಕಲು ಕಾಯ್ದೆ ಅವಕಾಶ ಕೊಟ್ಟಿದೆ.

ಬಾಂಡ್ ಪೇಪರಿಗೆ ಸಹಿ ಹಾಕಬೇಡಿ. ಕಾರಿಗೆ ಚಾಲ್ತಿಯಲ್ಲಿರುವ ವಿಮೆ ಇದ್ದರೆ ಪರಿಹಾರ ಕೊಡಬೇಕಾದುದು ವಿಮಾ ಕಂಪನಿ, ಮಾಲೀಕರ ಜೇಬಲ್ಲ. ಹಾಗಿದ್ದೂ ಮಾಲೀಕರು ತಾವಾಗಿ ಹಣ ಹಿಡಿದು ಬಂದಿದ್ದಾರೆಂದರೆ ಒಂದೋ ವಿಮೆ ಇಲ್ಲ, ಇಲ್ಲವೇ ಚಾಲಕನ ಮೇಲಿನ ಕ್ರಿಮಿನಲ್ ಕೇಸಿನ ಚಿಂತೆ ಅವರನ್ನು ಕಾಡುತ್ತಿದೆ ಎಂದು ನನ್ನ ಊಹೆ. ಮೊದಲು ಪಾಲಿಸಿಯ ಪ್ರತಿ ಸಿಗುತ್ತದೆಯೇ ಎಂದು ಠಾಣೆಯಲ್ಲಿ ವಿಚಾರಿಸಿ.

ಲೈಸೆನ್ಸ್ ವಿಷಯದಲ್ಲಿ ನಿಮಗಿರುವ ಭಯ ಅಷ್ಟು ದೊಡ್ಡದಲ್ಲ. ಲೈಸೆನ್ಸ್ ಇಲ್ಲದಿರುವುದು ಬೇರೆಯೇ ತಪ್ಪು. ಅಷ್ಟಕ್ಕೇ ಅಪಘಾತದಲ್ಲಿ ಸವಾರನ ಪಾಲೂ ಇದೆ ಎನ್ನಲಾಗದೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಮುರಿದಿರುವುದು ಕಾಲಾದ್ದರಿಂದ ಹೆಲ್ಮೆಟ್ ಮಾತನ್ನು ಯಾರಾದರೂ ಎತ್ತಿದರೆ ಉತ್ತರ ನಿಮಗೇ ಗೊತ್ತು.

ನನಗೆ ಚಿಂತೆಯಾದದ್ದು ಮೈದುನ ಬರೆಸಿದ ಮಾತು. ಪೊಲೀಸರ ಗೊಡವೆ ಬೇಡವೆಂದು ನಮ್ಮ ಕಡೆ ಎಷ್ಟೋ ಜನ ಹೀಗೆ ಬರೆಸುತ್ತಾರೆ, ಮುಂದೆ ವಿಮಾ ಕಂಪನಿಯ ವಕೀಲರು ಮೊದಲು ತೆರೆಯುವ ಹಾಳೆಯೂ ಅದೇ ಆಗಿರುತ್ತದೆ. ಆ ದಾಖಲೆಯನ್ನು ತಿದ್ದಿಸಲು ಹೋಗಬೇಡಿ, ಅದು ಇನ್ನೂ ದೊಡ್ಡ ಅನುಮಾನಕ್ಕೆ ದಾರಿಯಾಗುತ್ತದೆ. ವಕೀಲರಿಗೆ ಮೊದಲ ದಿನವೇ ಇದ್ದದ್ದನ್ನು ಇದ್ದಂತೆ ತಿಳಿಸಿ, ಮೈದುನನೇ ಸಾಕ್ಷಿ ನುಡಿದು ಏಕೆ ಹಾಗೆ ಬರೆಸಿದೆನೆಂದು ಹೇಳುವಂತಾಗಲಿ. ಸ್ಥಳ ಪಂಚನಾಮೆ, ನಕ್ಷೆ, ಎರಡೂ ವಾಹನಗಳ ಜಖಂ ಕುರಿತು ಮೋಟಾರು ವಾಹನ ನಿರೀಕ್ಷಕರು ಕೊಟ್ಟ ವರದಿ, ಇವುಗಳ ಪ್ರತಿ ತೆಗೆದುಕೊಳ್ಳಿ. ಬೈಕಿನ ಹಿಂಭಾಗ ನುಗ್ಗಾಗಿದೆ ಎಂದು ಆ ವರದಿಯಲ್ಲಿದ್ದರೆ, ಬರೀ ಜಾರಿ ಬಿದ್ದ ಗಾಡಿಗೆ ಹಾಗಾಗುವುದು ಹೇಗೆ ಎಂಬ ಪ್ರಶ್ನೆಗೆ ಎದುರಿನವರೇ ಉತ್ತರಿಸಬೇಕಾಗುತ್ತದೆ.

ಇನ್ನು ಶೇ 20ರ ಮಾತು. ನೀವು ಈ ಅಂಕಿಯನ್ನೇ ಪರಿಹಾರದ ಅಳತೆಯೆಂದು ತಿಳಿದಂತಿದೆ. ವೈದ್ಯರು ಹೇಳುವುದು ದೇಹಕ್ಕಾದ ಊನವನ್ನು; ದುಡಿಮೆಗಾದ ನಷ್ಟವನ್ನು ಅಳೆಯುವವರು ನ್ಯಾಯಾಧೀಶರು. ಇವೆರಡೂ ಒಂದೇ ಅಲ್ಲವೆಂದು ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿವರಿಸಿದೆ: ಎಡಗೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ, ಗುಮಾಸ್ತನಾಗಿದ್ದರೆ ಹಾಗಲ್ಲ. ನಿಮ್ಮ ಯಜಮಾನರು ಮಗ್ಗದ ಕುಣಿಯಲ್ಲಿ ಕುಳಿತು ದಿನವಿಡೀ ಕಾಲಿನಿಂದ ತುಳಿಯುವವರು. ಮಡಚದ ಕೀಲು ಕಚೇರಿಯ ಕುರ್ಚಿಯಲ್ಲಿ ಕೂರುವವರಿಗೆ ತೊಂದರೆ, ನೇಯುವವರಿಗೆ ಅನ್ನದ ಪ್ರಶ್ನೆ.

ಇದರಿಂದ ಎಷ್ಟು ವ್ಯತ್ಯಾಸವಾಗುತ್ತದೆಂದು ನೋಡಿ. ತಿಂಗಳ ಗಳಿಕೆ 15,000 ರೂಪಾಯಿ ಎಂದು ಉದಾಹರಣೆಗೆ ಹಿಡಿಯೋಣ. 40ಕ್ಕಿಂತ ಕಡಿಮೆ ವಯಸ್ಸಿನ ಸ್ವಂತ ದುಡಿಮೆಯವರಿಗೆ ಮುಂದಿನ ಗಳಿಕೆಯ ಲೆಕ್ಕದಲ್ಲಿ ಶೇ 40 ಸೇರಿಸಬೇಕೆಂಬ 2017ರ ಪ್ರಣಯ್ ಸೇಠಿ ತೀರ್ಪಿನ ಸೂತ್ರವನ್ನು ಗಾಯದ ಪ್ರಕರಣಕ್ಕೂ ಅನ್ವಯಿಸುವಂತೆ ನಿಮ್ಮ ವಕೀಲರು ಕೇಳಲಿ. ಆಗ ತಿಂಗಳಿಗೆ 21,000, ವರ್ಷಕ್ಕೆ 2,52,000. 36ರಿಂದ 40ರ ವಯಸ್ಸಿಗೆ ಸರಳಾ ವರ್ಮಾ ಪ್ರಕರಣ ಗೊತ್ತುಪಡಿಸಿದ ಗುಣಕ, ಅಂದರೆ ವರ್ಷದ ಗಳಿಕೆಯನ್ನು ಗುಣಿಸುವ ಅಂಕಿ, 15. ಅಲ್ಲಿಗೆ 37,80,000. ಇದರ ಶೇ 20 ಎಂದರೆ 7,56,000 ರೂಪಾಯಿ. ದುಡಿಮೆಯ ನಷ್ಟ ಶೇ 60 ಎಂದು ಸಾಬೀತಾದರೆ 22,68,000. ಚಿಕಿತ್ಸೆಯ ವೆಚ್ಚ, ಅನುಭವಿಸಿದ ನೋವು, ಮಲಗಿದ್ದ ತಿಂಗಳುಗಳ ಕೂಲಿ ಇವೆಲ್ಲ ಬೇರೆ. ಇದು ಲೆಕ್ಕದ ದಾರಿಯೇ ಹೊರತು ಸಿಗುವ ಮೊತ್ತದ ಭರವಸೆಯಲ್ಲ ಎಂಬುದು ನೆನಪಿರಲಿ.

ಹಾಗೆ ಸಾಬೀತುಪಡಿಸಲು ಬರೀ ಸರ್ಟಿಫಿಕೇಟ್ ಸಾಲದು. ಚಿಕಿತ್ಸೆ ಕೊಟ್ಟ ವೈದ್ಯರೇ ಬಂದು ಸಾಕ್ಷಿ ನುಡಿಯುವುದು ಒಳ್ಳೆಯದು, ಎಂದೂ ಉಪಚರಿಸದ ಡಾಕ್ಟರ ಪತ್ರಕ್ಕೆ ನ್ಯಾಯಾಲಯದಲ್ಲಿ ಅಷ್ಟು ತೂಕವಿಲ್ಲ. ನೂಲು ಕೊಟ್ಟು ಸೀರೆ ಒಯ್ಯುವ ಸಾಹುಕಾರರ ಲೆಕ್ಕದ ಪುಸ್ತಕ, ನೇಕಾರರ ಗುರುತಿನ ಚೀಟಿ, ಸಂಘದ ಅಥವಾ ಬ್ಯಾಂಕಿನ ಪಾಸ್‌ಬುಕ್ ಇವನ್ನೆಲ್ಲ ಕೂಡಿಡಿ. ಅಪಘಾತಕ್ಕೆ ಮುಂಚೆ ತಿಂಗಳಿಗೆ ಎಷ್ಟು ಸೀರೆ ಇಳಿಯುತ್ತಿದ್ದವು, ಈಗ ಎಷ್ಟು ಎಂಬುದು ಆ ಪುಸ್ತಕದಲ್ಲಿದ್ದರೆ ಅದಕ್ಕಿಂತ ಗಟ್ಟಿಯಾದ ಪುರಾವೆ ಇನ್ನೊಂದಿಲ್ಲ.

ಬಂದ ಹಣದಲ್ಲಿ ಪಾಲು ಕೇಳುವ ವಕೀಲರಿದ್ದರೆ ಬೇರೆಯವರನ್ನು ಹುಡುಕಿ, ಅಂಥ ಕರಾರನ್ನು ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ. ಉಚಿತ ನೆರವಿಗೆ ನಿಮ್ಮ ಯಜಮಾನರು ಅರ್ಹರೇ ಎಂದು ಗದಗಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅಥವಾ 15100ಕ್ಕೆ ಕರೆ ಮಾಡಿ ವಿಚಾರಿಸಬಹುದು. ಅರ್ಜಿ ಹಾಕಿದ ಮೇಲೆ ವಿಮಾ ಕಂಪನಿಯವರು ಲೋಕ ಅದಾಲತ್‌ನಲ್ಲಿ ರಾಜಿಗೆ ಕರೆದರೆ ಹೋಗಿ, ಕೇಳಿಸಿಕೊಳ್ಳಿ. ಅಲ್ಲಿ ಒಪ್ಪಿದ ಮೊತ್ತದ ಮೇಲೆ ಅಪೀಲು ಇಲ್ಲವಾದ್ದರಿಂದ, ವೈದ್ಯರ ಅಭಿಪ್ರಾಯವೂ ಸಾಹುಕಾರರ ಲೆಕ್ಕವೂ ಕೈಗೆ ಬರುವ ಮುಂಚೆ ಮಾತ್ರ ಒಪ್ಪಿಗೆ ಕೊಡಬೇಡಿ.

— ಸಂಪಾದಕ