ಜೋಡಿ ಲೆನ್ಸಿನ ಕಿಟ್ ಕೊಳ್ಳಬೇಕೆ?

ಪ್ರಶ್ನೆ: ನಾನು ಬೀದರಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಇಷ್ಟು ದಿನ ಮೊಬೈಲಿನಲ್ಲೇ ಫೋಟೊ ತೆಗೆಯುತ್ತಿದ್ದೆ, ಈಗ ಒಂದು ಕ್ಯಾಮೆರಾ ಕೊಳ್ಳಬೇಕೆಂದಿದ್ದೇನೆ. ಅಷ್ಟೂರಿನ ಗುಮ್ಮಟಗಳ ಒಳಗಿನ ವರ್ಣಚಿತ್ರ, ಕೋಟೆ, ನಮ್ಮ ಓಣಿಯಲ್ಲಿ ತಯಾರಾಗುವ ಬಿದ್ರಿ ಸಾಮಾನು, ಶಾಲೆಯ ಸ್ನೇಹ ಸಮ್ಮೇಳನ, ಇವು ನನಗೆ ಮುಖ್ಯ. ಸಾಧ್ಯವಾದರೆ ಊರಾಚೆ ಹೊಲಗಳಲ್ಲಿ ಕಾಣುವ ಕೃಷ್ಣಮೃಗಗಳನ್ನೂ ತೆಗೆಯುವ ಆಸೆಯಿದೆ. ಕಲಬುರಗಿಯ ಅಂಗಡಿಯೊಂದರಲ್ಲಿ ಕ್ಯಾನನ್ 1500ಡಿ ಕ್ಯಾಮೆರಾವನ್ನು 18-55 ಲೆನ್ಸಿನೊಂದಿಗೆ ಒಂದು ದರಕ್ಕೆ ಹೇಳಿದ್ದಾರೆ. 55-250 ಲೆನ್ಸನ್ನೂ ಸೇರಿಸಿದರೆ ಸುಮಾರು 10,000 ರೂಪಾಯಿ ಹೆಚ್ಚು, ಜೊತೆಗೆ ಬ್ಯಾಗು, ಟ್ರೈಪಾಡ್, ಮೆಮೊರಿ ಕಾರ್ಡ್ ಉಚಿತ. ಆಮೇಲೆ ಬಿಡಿ ಲೆನ್ಸ್ ಕೊಳ್ಳಲು ಹೋದರೆ ಇದರ ದುಪ್ಪಟ್ಟು ಆದೀತು ಎಂದು ಎಚ್ಚರಿಸಿದ್ದಾರೆ. ಏನು ಮಾಡುವುದು ಒಳ್ಳೆಯದು?
(ಶಿಕ್ಷಕರು, ಬೀದರ್)

ಉತ್ತರ: ಮಾಸ್ತರರೇ, ಅಂಗಡಿಯವರು ತಮಗೆ ಸುಳ್ಳು ಹೇಳಿಲ್ಲ. ಕಿಟ್‌ನಲ್ಲಿ, ಅಂದರೆ ಕ್ಯಾಮೆರಾ ಮತ್ತು ಲೆನ್ಸ್ ಒಟ್ಟಾಗಿ ಮಾರುವ ಪೆಟ್ಟಿಗೆಯಲ್ಲಿ, ಬರುವ ಎರಡನೆಯ ಲೆನ್ಸ್ ಬಿಡಿಯಾಗಿ ಕೊಳ್ಳುವುದಕ್ಕಿಂತ ಸಾಕಷ್ಟು ಅಗ್ಗಕ್ಕೆ ಬೀಳುತ್ತದೆ, ಮತ್ತು 55-250 ಕೆಟ್ಟ ಲೆನ್ಸೂ ಅಲ್ಲ. (ಈ ಅಂಕಿಗಳು ಲೆನ್ಸಿನ ನಾಭಿದೂರ, ಮಿ.ಮೀ.ಗಳಲ್ಲಿ; ಅಂಕಿ ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ.) ತೊಡಕಿರುವುದೇ ಇಲ್ಲಿ. ದರದ ಮಾತನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ತಾವು ಹೆಸರಿಸಿದ ವಿಷಯಗಳಲ್ಲಿ ಯಾವುದಕ್ಕೆ ಯಾವ ಲೆನ್ಸ್ ಕೆಲಸಕ್ಕೆ ಬರುತ್ತದೆ ಎಂಬುದನ್ನು ನೋಡೋಣ.

ಮೊದಲು ಅಷ್ಟೂರು. ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿಯ ಗುಮ್ಮಟದೊಳಗೆ ಕಾಲಿಟ್ಟ ಗಳಿಗೆಯಲ್ಲಿ ಹೆಚ್ಚೇನೂ ಕಾಣುವುದಿಲ್ಲ; ಹೊರಗಿನ ಬಿಸಿಲಿಗೆ ಒಗ್ಗಿದ ಕಣ್ಣು ನಿಧಾನವಾಗಿ ತಿಳಿಯಾದಂತೆ ಕೆಂಪು ಮತ್ತು ಬಂಗಾರದ ಬಣ್ಣದ ಬಳ್ಳಿಗಳೂ ಅಕ್ಷರಗಳೂ ಗೋಡೆಯಿಂದ ಎದ್ದು ಬರುತ್ತವೆ. ಕ್ಯಾಮೆರಾದ ಪಾಡೂ ಇದೇ, ಅದಕ್ಕೂ ಹೊತ್ತು ಬೇಕು. ಚಿತ್ರದ ಮೇಲೆ ಫ್ಲ್ಯಾಶ್ ಹಾಯಿಸುವುದು ಸರಿಯಲ್ಲ, ಹಾಯಿಸಿದರೂ ಬಣ್ಣ ಚಪ್ಪಟೆಯಾಗಿ ಬರುತ್ತದೆ. ಟ್ರೈಪಾಡ್ ಊರಬೇಕೆಂದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಆದ್ದರಿಂದ ಕಿಟ್‌ನೊಂದಿಗೆ ಉಚಿತವಾಗಿ ಬರುವ ಟ್ರೈಪಾಡ್ ತಮ್ಮ ಮೊದಲನೆಯ ವಿಷಯಕ್ಕೇ ಉಪಯೋಗಕ್ಕೆ ಬರುವುದಿಲ್ಲ. ಉಳಿಯುವುದು ಕೈಯಲ್ಲಿ ಹಿಡಿದು ತೆಗೆಯುವ ದಾರಿ. 18 ಮಿ.ಮೀ.ನಲ್ಲಿ ಸಾಮಾನ್ಯ ಕೈಗೆ ಸೆಕೆಂಡಿನ 1/30 ಭಾಗದವರೆಗೆ ಶಟರ್ ತೆರೆದಿದ್ದರೂ ಚಿತ್ರ ಅಲುಗದೆ ಬರುತ್ತದೆ. ಲೆನ್ಸಿನೊಳಗೆ ಕೈನಡುಕ ತಡೆಯುವ ವ್ಯವಸ್ಥೆ ಇದ್ದರೆ, ಮೊಣಕೈಗಳನ್ನು ಪಕ್ಕೆಗೆ ಒತ್ತಿ ಉಸಿರು ಹಿಡಿದವರಿಗೆ 1/8ರವರೆಗೂ ಇಳಿಯಲು ಸಾಧ್ಯ, ಅಂದರೆ ಹೆಚ್ಚುಕಡಿಮೆ ನಾಲ್ಕು ಪಟ್ಟು ಬೆಳಕು ಸಿಕ್ಕಿದಂತೆ. ಗೋಡೆಯ ಚಿತ್ರ ಅಲುಗಾಡುವುದಿಲ್ಲವಾದ್ದರಿಂದ ಈ ಉಪಾಯ ಅಲ್ಲಿ ಪೂರ್ತಿ ಫಲಿಸುತ್ತದೆ.

ಹಾಗಾಗಿ ತಾವು ಅಂಗಡಿಯಲ್ಲಿ ಮೊದಲು ಓದಬೇಕಾದದ್ದು ದರದ ಚೀಟಿಯನ್ನಲ್ಲ, ಲೆನ್ಸಿನ ಮೈಮೇಲಿನ ಅಕ್ಷರಗಳನ್ನು. ಕ್ಯಾನನ್ 18-55ರಲ್ಲಿ ಕೈನಡುಕ ತಡೆಯುವ ವ್ಯವಸ್ಥೆಯ ಗುರುತಾದ 'ಐಎಸ್' ಎಂಬ ಅಕ್ಷರಗಳಿರುವುದೂ ಇವೆ, ಇಲ್ಲದಿರುವುದೂ ಇವೆ. ನಿಕಾನ್‌ನ 18-55 ಮತ್ತು 70-300ರಲ್ಲಿ ಅದೇ ರೀತಿ 'ವಿಆರ್' ಇರುವುದೂ ಇಲ್ಲದಿರುವುದೂ ಎರಡೂ ಮಾರಾಟವಾಗಿವೆ. ಪೆಟ್ಟಿಗೆಯ ಮೇಲೆ ಎರಡೂ ಒಂದೇ ಅಂಕಿಗಳಿಂದ ಕಾಣುತ್ತವೆ. ಅಕ್ಷರವಿಲ್ಲದ ಕಿಟ್ ಸಾವಿರ ಎರಡು ಸಾವಿರ ಕಡಿಮೆಯೆಂದು ಕೊಂಡರೆ ಅಷ್ಟೂರಿನಲ್ಲಿ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಬಿದ್ರಿಯ ವಿಷಯದಲ್ಲಿ ಒಂದು ಸೋಜಿಗವಿದೆ. ಸಮೀಪದ ಚಿತ್ರಕ್ಕೆ ದುಬಾರಿ ಲೆನ್ಸೇ ಬೇಕು ಎಂದು ಬಹಳ ಮಂದಿ ತಿಳಿದಿದ್ದಾರೆ. ಆದರೆ ಈ ಸಾಧಾರಣ 18-55 ಲೆನ್ಸ್ 25 ಸೆಂ.ಮೀ. ದೂರದವರೆಗೂ ಫೋಕಸ್ ಆಗುತ್ತದೆ. 55ಕ್ಕೆ ಜೂಮ್ ಮಾಡಿ ಅಷ್ಟು ಹತ್ತಿರ ಹೋದರೆ ಆರೂವರೆ ಸೆಂ.ಮೀ. ಅಗಲದ ಜಾಗ ಇಡೀ ಚೌಕಟ್ಟನ್ನು ತುಂಬುತ್ತದೆ. ಸುರಾಹಿಯ ಕೊರಳಿನಲ್ಲಿ ಬೆಳ್ಳಿಯ ಎಳೆ ಕಪ್ಪು ಲೋಹದೊಳಗೆ ಕುಳಿತ ಅಂಚನ್ನೂ, ಉಳಿ ಒಂದಿಷ್ಟು ಜಾರಿದ ಗುರುತನ್ನೂ ಬೇರೆ ಬೇರೆಯಾಗಿ ತೋರಿಸಲು ಇದು ಧಾರಾಳವಾಗಿ ಸಾಕು. ಕಿಟಕಿಯ ಪಕ್ಕದಲ್ಲಿಟ್ಟು, ಕಿಟಕಿಗೆ ತೆಳುವಾದ ಬಿಳಿ ಪಂಚೆ ಇಳಿಬಿಟ್ಟು ತೆಗೆಯಿರಿ. ಕಪ್ಪು ವಸ್ತುವನ್ನು ಕಂಡ ಕ್ಯಾಮೆರಾ ಬೆಳಕು ಸಾಲದೆಂದು ತಪ್ಪು ತಿಳಿದು ಚಿತ್ರವನ್ನು ಬೆಳ್ಳಗಾಗಿಸುತ್ತದೆ, ಬೆಳ್ಳಿಯ ಕುಸುರಿ ಸುಣ್ಣ ಬಳಿದಂತಾಗುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಕೆಳಗಿಳಿಸಿದರೆ (ಅಂದರೆ ಬೆಳಕನ್ನು ಅರ್ಧಕ್ಕೆ ಇಳಿಸಿದರೆ) ಎರಡೂ ಸರಿಹೋಗುತ್ತವೆ.

ಕೋಟೆಗೆ 18-55 ಸಾಕು, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಸ್ನೇಹ ಸಮ್ಮೇಳನವೇ ನಿಜವಾದ ಪರೀಕ್ಷೆ. ದೂರದ ವೇದಿಕೆಯನ್ನು ಹತ್ತಿರ ತರುವ 55-250 ಇದಕ್ಕೇ ಬೇಕು ಎಂದು ಅಂಗಡಿಯವರು ಹೇಳಿಯೇ ಹೇಳುತ್ತಾರೆ. ಆದರೆ ಆ ಲೆನ್ಸ್ ಜೂಮ್ ಮಾಡಿದಾಗ ಅದರ ಬಾಯಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಮುಂದಿನ ಅಂಕಿ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು). ಟ್ಯೂಬ್‌ಲೈಟಿನ ಸಭಾಂಗಣದಲ್ಲಿ ಕುಣಿಯುವ ಮಕ್ಕಳನ್ನು ಹಿಡಿಯಲು ಸೆಕೆಂಡಿನ 1/200 ಭಾಗವಾದರೂ ವೇಗ ಬೇಕು. ಇಲ್ಲಿ ಅಲುಗುವುದು ತಮ್ಮ ಕೈಯಲ್ಲ, ಮಕ್ಕಳು, ಆದ್ದರಿಂದ ಕೈನಡುಕ ತಡೆಯುವ ವ್ಯವಸ್ಥೆ ನೆರವಿಗೆ ಬರುವುದಿಲ್ಲ. ಆಗ ಐಎಸ್‌ಓವನ್ನು, ಅಂದರೆ ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆಯ ಅಂಕಿಯನ್ನು, ಈ ಕ್ಯಾಮೆರಾದ ಸಾಮಾನ್ಯ ಮಿತಿಯಾದ 6400ಕ್ಕೆ ಏರಿಸಬೇಕಾಗಿ ಬಂದು, ಮುಖಗಳ ಮೇಲೆ ರವೆ ಉದುರಿಸಿದಂತೆ ಕಾಣುತ್ತದೆ. ಇದೇ ಜಾಗದಲ್ಲಿ 50 ಮಿ.ಮೀ. ಎಫ್/1.8 ಲೆನ್ಸ್ ಎಫ್/5.6ಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಒಳಬಿಡುತ್ತದೆ, ಐಎಸ್‌ಓ 800ರ ಒಳಗೇ ಕೆಲಸ ಮುಗಿಯುತ್ತದೆ. ಅದಕ್ಕೆ ಜೂಮ್ ಇಲ್ಲ, ನಿಜ. ಆದರೆ ತಾವು ಆ ಶಾಲೆಯ ಶಿಕ್ಷಕರು, ಮೊದಲನೆಯ ಸಾಲಿನ ಮುಂದೆ ನೆಲದ ಮೇಲೆ ಕುಳಿತರೂ ಯಾರೂ ಏಳಿಸುವುದಿಲ್ಲ. ನಾಲ್ಕು ಮೀಟರ್ ದೂರದಿಂದ ಅದರಲ್ಲಿ ಸುಮಾರು 1.8 ಮೀಟರ್ ಅಗಲ ಸಿಗುತ್ತದೆ, ಅಂದರೆ ಒಬ್ಬಿಬ್ಬರು ನರ್ತಿಸುವವರು. ಇಡೀ ಗುಂಪು ಬೇಕಾದಾಗ 18-55 ಇದ್ದೇ ಇದೆ.

ಇನ್ನು ಕೃಷ್ಣಮೃಗ. ಇಲ್ಲಿ ಮಾತ್ರ 55-250ಕ್ಕೆ ಪರ್ಯಾಯವಿಲ್ಲ. ಹೊಲದಲ್ಲಿ ಹಾಡಹಗಲು ಬೆಳಕಿಗೆ ಬರವಿಲ್ಲ, ವಾಹನದಿಂದ ಇಳಿಯದೆ ಕಿಟಕಿಯಿಂದ ತೆಗೆದರೆ ಒಳ್ಳೆಯ ಚಿತ್ರಗಳೇ ಬರುತ್ತವೆ. ಆದರೆ ತಮ್ಮ ಪತ್ರದಲ್ಲಿ ಉಳಿದೆಲ್ಲವೂ 'ಮುಖ್ಯ' ಎಂದಿವೆ, ಇದೊಂದರ ಹಿಂದೆ 'ಸಾಧ್ಯವಾದರೆ' ಎಂದಿದೆ. ಆ 'ಸಾಧ್ಯವಾದರೆ' ಎಂಬುದರ ತೂಕ ಎಷ್ಟೆಂದು ತಿಳಿಯಲು ಖರ್ಚಿಲ್ಲದ ಒಂದು ದಾರಿಯನ್ನು ಹೇಳುತ್ತೇನೆ. ತಮ್ಮ ಮೊಬೈಲಿನ ಮುಖ್ಯ ಕ್ಯಾಮೆರಾದ ಸಾದಾ ನೋಟ ಸರಿಸುಮಾರು ಈ ಕ್ಯಾಮೆರಾದ 18 ಮಿ.ಮೀ. ನೋಟದಷ್ಟೇ ಇರುತ್ತದೆ. ಮೂರೂವರೆ ಪಟ್ಟು ಜೂಮ್ ಮಾಡಿದರೆ 55, ಹದಿನೈದು ಪಟ್ಟು ಮಾಡಿದರೆ 250. ಎರಡು ವಾರ ಮೊಬೈಲಿನಲ್ಲೇ ಎಂದಿನಂತೆ ತೆಗೆಯಿರಿ. ಪ್ರತಿ ಸಲ ಬೆರಳು ಎಷ್ಟು ಪಟ್ಟಿನವರೆಗೆ ಹೋಗುತ್ತದೆಂದು ಗಮನಿಸಿರಿ. ಮೂರೂವರೆಯ ಒಳಗೇ ನಿಲ್ಲುವ ಬೆರಳಿಗೆ ಎರಡನೆಯ ಲೆನ್ಸ್ ಭಾರವಷ್ಟೇ.

ಇದನ್ನು ಸ್ವಂತ ಅನುಭವದಿಂದಲೂ ಹೇಳುತ್ತಿದ್ದೇನೆ. ನನ್ನ ಮೊದಲ ಕ್ಯಾಮೆರಾವನ್ನು ಜೋಡಿ ಲೆನ್ಸಿನ ಕಿಟ್ಟಾಗಿಯೇ ಕೊಂಡಿದ್ದೆ. ಉಚಿತ ಬ್ಯಾಗಿನ ಜಿಪ್ಪು ಎರಡನೆಯ ತಿಂಗಳಿಗೆ ಕಿತ್ತುಬಂತು, ಉದ್ದದ ಲೆನ್ಸ್ ವರ್ಷದ ಬಹುಪಾಲು ಅಲಮಾರಿಯಲ್ಲಿ ಕುಳಿತಿತು. ಹೊರತೆಗೆದ ಒಂದು ಸಲ, ತೊಗರಿ ರಾಶಿ ನಡೆಯುತ್ತಿದ್ದ ಕಣದ ಬದಿಯಲ್ಲಿ ನಿಂತು ಲೆನ್ಸ್ ಬದಲಿಸಿದೆ. ಆ ದಿನದಿಂದ ತೆಗೆದ ಪ್ರತಿಯೊಂದು ಚಿತ್ರದ ಆಕಾಶದಲ್ಲಿ, ಬಲಗಡೆ ಮೇಲಿನ ಮೂಲೆಯ ಹತ್ತಿರ, ಒಂದೇ ಜಾಗದಲ್ಲಿ ಎಳ್ಳಿನಷ್ಟು ಕಪ್ಪು ಚುಕ್ಕೆ. ಕೊಳೆಯೆಂದು ಲೆನ್ಸಿನ ಗಾಜನ್ನು ಎಷ್ಟು ಒರೆಸಿದರೂ ಹೋಗಲಿಲ್ಲ, ಏಕೆಂದರೆ ಧೂಳು ಕುಳಿತಿದ್ದದ್ದು ಒಳಗೆ ಚಿತ್ರವನ್ನು ಹಿಡಿಯುವ ಸೆನ್ಸರಿನ ಮೇಲೆ. ನಮ್ಮ ಕಡೆ ಬೇಸಿಗೆಯಲ್ಲಿ, ಸುಗ್ಗಿಯಲ್ಲಿ ಬಯಲಲ್ಲಿ ಲೆನ್ಸ್ ಬದಲಿಸುವುದೆಂದರೆ ಹೀಗೆ. ಬದಲಿಸಲೇಬೇಕಾದರೆ ಕ್ಯಾಮೆರಾವನ್ನು ಬಂದ್ ಮಾಡಿ, ಬಾಯಿ ಕೆಳಮುಖವಾಗಿ ಹಿಡಿದು, ಗಾಳಿಗೆ ಬೆನ್ನು ಕೊಟ್ಟು ಬದಲಿಸಿರಿ. ಐವತ್ತು ನೂರು ರೂಪಾಯಿಯ ರಬ್ಬರ್ ಬ್ಲೋಯರ್ ಒಂದು ಬ್ಯಾಗಿನಲ್ಲಿರಲಿ.

ನನ್ನ ಅಭಿಪ್ರಾಯ ಇಷ್ಟು: ತಾವು 18-55 ಐಎಸ್ ಒಂದರೊಂದಿಗೆ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಕೊಂಡು, ಉಳಿದ 10,000ದಲ್ಲಿ 50 ಮಿ.ಮೀ. ಎಫ್/1.8 ಎಸ್‌ಟಿಎಂ ಲೆನ್ಸನ್ನು ಕೊಳ್ಳುವುದು ಮೇಲು. ಮೊಬೈಲ್ ಪರೀಕ್ಷೆಯಲ್ಲಿ ಬೆರಳು ಹೊಲದ ಕಡೆಗೇ ಓಡಿತೆಂದರೆ ಮಾತ್ರ ಜೋಡಿ ಕಿಟ್ ತೆಗೆದುಕೊಳ್ಳಿರಿ, ಆಗ ಅಂಗಡಿಯವರ ಲೆಕ್ಕವೇ ಲಾಭ. ಯಾವುದನ್ನು ಕೊಂಡರೂ ಜಿಎಸ್‌ಟಿ ಬಿಲ್ಲಿನಲ್ಲಿ ಬಾಡಿಯ ಮತ್ತು ಪ್ರತಿ ಲೆನ್ಸಿನ ಕ್ರಮಸಂಖ್ಯೆ ಬೇರೆ ಬೇರೆಯಾಗಿ ಬರೆಸಿಕೊಳ್ಳಿರಿ. ಬೇರೆ ಕಿಟ್ ಒಡೆದು ತೆಗೆದ ಲೆನ್ಸನ್ನು ಬರೀ ಬಿಳಿ ಪೆಟ್ಟಿಗೆಯಲ್ಲಿ ಹಾಕಿ ಕೊಡುವ ರೂಢಿ ಪೇಟೆಯಲ್ಲಿದೆ. ಲೆನ್ಸಿನಲ್ಲಿ ದೋಷವಿರಲಿಕ್ಕಿಲ್ಲ, ಆದರೆ ವಾರಂಟಿ ಕಾರ್ಡ್ ಕೈಗೆ ಬಾರದಿದ್ದರೆ ದರ ಇಳಿಸಿ ಕೇಳಲು ತಮಗೆ ಹಕ್ಕಿದೆ.

ಪ್ರಶ್ನೆ: ನನ್ನ ಹತ್ತಿರ ಕ್ಯಾನನ್ ಕ್ಯಾಮೆರಾ ಮತ್ತು 18-55 ಇದೆ. ಚಳಿಗಾಲದಲ್ಲಿ ಬೋನಾಳ ಕೆರೆಯ ಹಕ್ಕಿಗಳ ಚಿತ್ರ ತೆಗೆಯಬೇಕು. ಯಾರೋ ತಮ್ಮ ಕಿಟ್‌ನಲ್ಲಿ ಬಂದ 75-300 ಲೆನ್ಸನ್ನು ಕಡಿಮೆ ದರಕ್ಕೆ ಕೊಡುತ್ತೇನೆನ್ನುತ್ತಾರೆ. 250ಕ್ಕಿಂತ 300 ಮೇಲಲ್ಲವೇ?
(ಓದುಗರು, ಸುರಪುರ, ಯಾದಗಿರಿ ಜಿಲ್ಲೆ)

ಉತ್ತರ: ಅಂಕಿಯಲ್ಲಿ ಮೇಲು, ಚಿತ್ರದಲ್ಲಿ ಅಲ್ಲ. ಆ 75-300 ಹಳೆಯ ವಿನ್ಯಾಸದ್ದು. 300ರ ತುದಿಯಲ್ಲಿ ಗರಿಗಳ ಅಂಚು ಮೆತ್ತಗಾಗುತ್ತದೆ, ಸಾಮಾನ್ಯವಾಗಿ ಸಿಗುವ ಮಾದರಿಯಲ್ಲಿ ಐಎಸ್ ಕೂಡ ಇರುವುದಿಲ್ಲ. 250ರಲ್ಲಿ ತೆಗೆದ ಚಿತ್ರವನ್ನು ಸ್ವಲ್ಪ ಕತ್ತರಿಸಿ ದೊಡ್ಡದು ಮಾಡಿದರೂ ಅದಕ್ಕಿಂತ ಸ್ಪಷ್ಟವಾಗಿ ಬರುತ್ತದೆ. ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಕಿಟ್‌ನಿಂದ ಹೊರಬಿದ್ದ 55-250 ಲೆನ್ಸ್‌ಗಳು ಬಹಳ ಸಿಗುತ್ತವೆ, ಏಕೆಂದರೆ ಕೊಂಡವರಲ್ಲಿ ಅನೇಕರು ಬಳಸುವುದೇ ಇಲ್ಲ, ಅದನ್ನೇ ಹುಡುಕಿರಿ.

ಇನ್ನೊಂದು ಮಾತು. ಪಟ್ಟೆತಲೆ ಹೆಬ್ಬಾತುಗಳು ಕೆರೆಯ ನಡುವೆ ಕುಳಿತಿದ್ದರೆ ಯಾವ ಕಿಟ್ ಲೆನ್ಸಿಗೂ ಅವು ಚುಕ್ಕೆಗಳೇ. ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ನಡುಗಲು ತೊಡಗಿ ದೂರದ್ದೆಲ್ಲ ಕದಡಿ ಕಾಣುತ್ತದೆ, ಆಗ ಲೆನ್ಸನ್ನು ಬೈದು ಫಲವಿಲ್ಲ. ಬೆಳಕು ಹರಿಯುವ ಮೊದಲೇ ದಡದಲ್ಲಿ ಕುಳಿತು, ಹಕ್ಕಿಗಳು ಮೇಯಲು ಏಳುವಾಗ ವೇಗ 1/1000 ಇಟ್ಟು ನೋಡಿರಿ.

ಪ್ರಶ್ನೆ: ನಾನು ಕಲಬುರಗಿಯಲ್ಲಿ ಓದುತ್ತಿದ್ದೇನೆ. ನಮ್ಮ ಕಾಕಾ ಹಿಂದೆ ಸ್ಟುಡಿಯೋ ನಡೆಸುತ್ತಿದ್ದರು, ಅವರ ನಿಕಾನ್ ರೀಲ್ ಕ್ಯಾಮೆರಾದ 50 ಮಿ.ಮೀ. ಆಟೋಫೋಕಸ್ ಲೆನ್ಸ್ ಮನೆಯಲ್ಲಿದೆ. ಬಾಡಿ ಮಾತ್ರ ಕೊಂಡರೆ ಉಳಿತಾಯವಾಗುವುದಿಲ್ಲವೇ?
(ವಿದ್ಯಾರ್ಥಿನಿ, ಕಲಬುರಗಿ)

ಉತ್ತರ: ತಂಗೀ, ಬಾಡಿ ಕೊಳ್ಳುವ ಮೊದಲು ಆ ಲೆನ್ಸನ್ನು ಅಂಗಡಿಗೆ ಒಯ್ದು ಜೋಡಿಸಿ ನೋಡು. ನಿಕಾನ್‌ನ ಡಿ3500, ಡಿ5600ಗಳಂಥ ಸಣ್ಣ ಡಿಎಸ್‌ಎಲ್‌ಆರ್ ಬಾಡಿಗಳಲ್ಲಿ ಫೋಕಸ್ ತಿರುಗಿಸುವ ಮೋಟಾರ್ ಇಲ್ಲ. ಮೋಟಾರಿಲ್ಲದ ಹಳೆಯ ಎಎಫ್ (ಆಟೋಫೋಕಸ್) ಲೆನ್ಸ್ ಅವುಗಳ ಮೇಲೆ ಕೂರುತ್ತದೆ, ಚಿತ್ರವೂ ಬರುತ್ತದೆ, ಆದರೆ ಫೋಕಸನ್ನು ಕೈಯಿಂದಲೇ ಮಾಡಬೇಕು. ಡಿ7000 ಸರಣಿಯ ದೊಡ್ಡ ಬಾಡಿಗಳಲ್ಲಿ, ಡಿ7500 ಸೇರಿದಂತೆ, ಮೋಟಾರ್ ಇದೆ. ಕಾಕಾನದು ಕ್ಯಾನನ್ ಆಗಿದ್ದರೆ ಮಾತು ಬೇರೆಯಿತ್ತು. 1987ರಿಂದ ಬಂದ ಇಎಫ್ ಲೆನ್ಸ್‌ಗಳೆಲ್ಲ ಅವರ ಡಿಎಸ್‌ಎಲ್‌ಆರ್‌ಗಳ ಮೇಲೆ ಫೋಕಸ್ ಆಗುತ್ತವೆ.

ಮತ್ತು ಒಂದು 50 ಮಿ.ಮೀ. ಲೆನ್ಸಿನಿಂದಲೇ ದಿನ ದೂಡುವುದು ಕಷ್ಟ. ರೀಲ್ ಕ್ಯಾಮೆರಾದಲ್ಲಿ ಕಾಕಾಗೆ ಅದು ಸಾದಾ ನೋಟ ಕೊಡುತ್ತಿತ್ತು, ಈಗಿನ ಸಣ್ಣ ಸೆನ್ಸರಿನ ಬಾಡಿಯಲ್ಲಿ ಅದೇ ಲೆನ್ಸ್ 75ರಂತೆ ನೋಟವನ್ನು ಕಿರಿದು ಮಾಡುತ್ತದೆ. ಕಲಬುರಗಿ ಕೋಟೆಯ ಜಾಮಿ ಮಸೀದಿಯ ಕಮಾನುಗಳ ಸಾಲಿನಲ್ಲಿ ಎಷ್ಟು ಹಿಂದೆ ಸರಿದರೂ ಒಂದೆರಡು ಕಮಾನುಗಳೇ ಸಿಕ್ಕಾವು. ಬರೀ ಬಾಡಿಗೂ 18-55 ವಿಆರ್ ಸೇರಿದ ಕಿಟ್ಟಿಗೂ ಇರುವ ಅಂತರವನ್ನು ಕೇಳಿ ತಿಳಿದುಕೋ. ಅದು ಮೂರು ನಾಲ್ಕು ಸಾವಿರದ ಒಳಗಿದ್ದರೆ ಕಿಟ್ಟನ್ನೇ ತೆಗೆದುಕೊಂಡು, ಕಾಕಾನ ಲೆನ್ಸನ್ನು ಮುಖಚಿತ್ರಗಳಿಗೆಂದು ಇಟ್ಟುಕೋ. ಒಯ್ಯುವ ಮುಂಚೆ ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಜೇಡರ ಬಲೆಯಂಥ ಎಳೆಗಳಿವೆಯೇ ನೋಡು. ಇದ್ದರೆ ಅದು ಬೂಸ್ಟು, ಹೊಸ ಲೆನ್ಸಿನ ಜೊತೆ ಒಂದೇ ಬ್ಯಾಗಿನಲ್ಲಿ ಇಡಬೇಡ.