ಹೊರಗೆ ಸುಮ್ಮನಿದ್ದು ಒಳಗೆ ಬಂದು ಉಚ್ಚೆ ಮಾಡುವ ನಾಯಿಮರಿ

ಹತ್ತು ವಾರದ ನಾಯಿಮರಿ, ಅರ್ಧ ಗಂಟೆ ಕೆಳಗೆ ಸುತ್ತಾಡಿಸಿದರೂ ಏನೂ ಮಾಡಲ್ಲ, ಮನೆಗೆ ಬಂದ ತಕ್ಷಣ ಸೋಫಾ ಪಕ್ಕ ಉಚ್ಚೆ ಮಾಡುತ್ತದೆ ಅಂದಿರಲ್ಲ, ನಮ್ಮನೆಯಲ್ಲೂ ಇದೇ ಕಥೆ ಆಗಿತ್ತು. ಅದು ಹಟ ಅಲ್ಲ. ಹೊರಗಿನ ಸದ್ದು, ವಾಸನೆಗೆ ಮರಿ ಉಚ್ಚೆಯನ್ನೇ ಮರೆತುಬಿಡುತ್ತದೆ.

ಸುತ್ತಾಡಿಸಬೇಡಿ. ಒಂದೇ ಜಾಗ, ಚಿಕ್ಕ ಹಗ್ಗ, ಐದು ನಿಮಿಷ ಕಂಬದ ಹಾಗೆ ನಿಂತುಬಿಡಿ. ಮಾಡಿದರೆ ಅಲ್ಲೇ, ಆ ಕ್ಷಣವೇ ತಿಂಡಿ ಕೊಡಿ, ಮನೆಗೆ ಬಂದ ಮೇಲೆ ಕೊಟ್ಟರೆ ಯಾಕೆ ಕೊಟ್ಟಿರಿ ಅಂತ ಅದಕ್ಕೆ ಗೊತ್ತಾಗಲ್ಲ. ಆಟ ಆಮೇಲೆ. ಮಾಡದಿದ್ದರೆ ಒಳಗೆ ತಂದು ಬಿಟ್ಟುಬಿಡಬೇಡಿ, ತೊಡೆ ಮೇಲೆ ಇಟ್ಟುಕೊಂಡು ಹದಿನೈದು ನಿಮಿಷ ಬಿಟ್ಟು ಮತ್ತೆ ಕರೆದೊಯ್ಯಿರಿ. ನಿದ್ದೆಯಿಂದ ಎದ್ದಾಗ, ಊಟ ಆದ ಮೇಲೆ, ಆಟ ಮುಗಿದಾಗ ತಪ್ಪಿಸಲೇಬೇಡಿ. ಈ ವಯಸ್ಸಿಗೆ ರಾತ್ರಿಯೂ ಒಂದೆರಡು ಸಲ ಏಳಬೇಕು, ಬೇರೆ ದಾರಿ ಇಲ್ಲ.

ಇನ್ನೊಂದು, ಲಸಿಕೆ ಎಲ್ಲ ಮುಗಿದಿಲ್ಲ ಅಲ್ವಾ? ಹಾಗಿದ್ದರೆ ಬೀದಿನಾಯಿಗಳು ಓಡಾಡುವ ಮಣ್ಣಿಗೆ ಇಳಿಸಬೇಡಿ, ಪಾರ್ವೊ ಅನ್ನೋ ಮಾರಕ ವೈರಸ್ ರೋಗದ ಭಯ ಇದೆ. ಸದ್ಯಕ್ಕೆ ಟೆರೇಸಿನಲ್ಲಿ ಒಂದು ಟ್ರೇಗೆ ಹುಲ್ಲು ಹಾಕಿ ಅಭ್ಯಾಸ ಮಾಡಿಸಿ.

ಸೋಫಾ ಪಕ್ಕ ಫಿನೈಲ್ ಬೇಡ, ಮರಿ ನೆಕ್ಕಿದರೆ ವಿಷ. ಉಚ್ಚೆಯ ವಾಸನೆ ಪೂರ್ತಿ ಹೋಗಿಸುವ ಎನ್‌ಜೈಮ್ ಕ್ಲೀನರ್ ಪೆಟ್ ಅಂಗಡಿಯಲ್ಲಿ ಸಿಗುತ್ತದೆ. ಮೂಗು ತಿಕ್ಕುವುದು, ಹೊಡೆಯುವುದು ಮಾತ್ರ ಬೇಡವೇ ಬೇಡ, ಆಮೇಲೆ ಅದು ನಿಮ್ಮ ಕಣ್ಣು ತಪ್ಪಿಸಿ ಮಂಚದ ಕೆಳಗೆ ಮಾಡುತ್ತದೆ. ಹತ್ತು ನಿಮಿಷಕ್ಕೊಮ್ಮೆ ಹನಿ ಹನಿ ಮಾಡುತ್ತಿದ್ದರೆ ಡಾಕ್ಟರಿಗೆ ತೋರಿಸಿ, ಸೋಂಕೂ ಇರಬಹುದು.