ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಹಾಕಿ ಮನೆಗೊಂದು ವೈಫೈ ಮ್ಯೂಸಿಕ್ ಸರ್ವರ್ ಮಾಡಬಹುದಾ, ಪೈ 4 ಬೇಕಾ, ಬ್ಲೂಟೂತೇ ಸಾಲದಾ?

ರಾಸ್ಪ್‌ಬೆರಿ ಪೈ ಅಂದರೆ ಅಂಗೈಯಲ್ಲಿ ಹಿಡಿಸುವ ಪುಟ್ಟ ಕಂಪ್ಯೂಟರ್. ಅದರ ಝೀರೋ 2 ಡಬ್ಲ್ಯೂ ಮಾದರಿ ಧಾರಾಳವಾಗಿ ಸಾಕು. ಪೈ 4ಕ್ಕೆ ಹಾಕುವ ದುಡ್ಡನ್ನು ಡ್ಯಾಕ್‌ಗೂ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಬೇಕಾದ ಸಿಗ್ನಲ್ ಆಗಿ ಬದಲಿಸುವ ಬೋರ್ಡ್) ಒಳ್ಳೆಯ ಅಡಾಪ್ಟರ್‌ಗೂ ಹಾಕಿ.

ನಿಮ್ಮ ಹತ್ತಿರ ಹಳೆಯ ಸ್ಟೀರಿಯೋ ಆಂಪ್ಲಿಫೈಯರ್, ಸ್ಪೀಕರ್ ಎರಡೂ ಸುಸ್ಥಿತಿಯಲ್ಲಿವೆ, "ಐನೂರು ರೂಪಾಯಿಯ ಬ್ಲೂಟೂತ್ ರಿಸೀವರ್ ಸಿಕ್ಕಿಸಿದರೆ ಆಗಲ್ವಾ" ಅಂತ ಮನೆಯಲ್ಲಿ ಕೇಳುತ್ತಿದ್ದಾರೆ ಅಂದಿದ್ದೀರಿ. ಮೊದಲು ಅದಕ್ಕೇ ಉತ್ತರ ಹೇಳುತ್ತೇನೆ, ಯಾಕೆಂದರೆ ಮನೆಯವರು ಒಪ್ಪದೆ ಇಂಥ ಕೆಲಸ ಮುಂದಕ್ಕೆ ಹೋಗುವುದಿಲ್ಲ. ಬ್ಲೂಟೂತ್‌ನಲ್ಲಿ ಹಾಡು ಇರುವುದು ಫೋನಿನಲ್ಲಿ. ಫೋನ್ ರಿಂಗ್ ಆದರೆ ಹಾಡು ನಿಲ್ಲುತ್ತದೆ. ಫೋನಿನವರು ಹಾಲು ತರಲು ಹೊರಟರೆ ಹಾಡೂ ಅವರ ಜತೆ ಹೊರಡುತ್ತದೆ. ಪೈ ಇಟ್ಟರೆ ಹಾಡು ಇರುವುದು ಪೆಟ್ಟಿಗೆಯೊಳಗೆ, ಫೋನ್ ಬರೀ ರಿಮೋಟ್. ನೀವು ಹಾಕಿದ ಹಾಡನ್ನು ಅಡುಗೆಮನೆಯಲ್ಲಿದ್ದವರು ತಮ್ಮ ಫೋನಿನಿಂದ ಬದಲಾಯಿಸಬಹುದು. ನಿಮ್ಮ ಬ್ಯಾಟರಿ ಸತ್ತರೂ ಹಾಡು ನಿಲ್ಲುವುದಿಲ್ಲ. ನಮ್ಮ ಮನೆಯಲ್ಲಿ ಇದು ಉಳಿದುಕೊಂಡಿರುವುದು ಧ್ವನಿಯ ಗುಣಮಟ್ಟಕ್ಕಲ್ಲ, ಈ ಅನುಕೂಲಕ್ಕೇ.

ಇದನ್ನು ಮಾಡುವ ತಂತ್ರಾಂಶದ ಹೆಸರು ಎಂಪಿಡಿ, ಅಂದರೆ ಮ್ಯೂಸಿಕ್ ಪ್ಲೇಯರ್ ಡೀಮನ್. 2003ರಿಂದ ಇದೆ. ಇದಕ್ಕೆ ಸ್ವಂತ ಮುಖವೇ ಇಲ್ಲ. ಮಾನಿಟರ್, ಕೀಬೋರ್ಡ್ ಏನೂ ಬೇಡ, 6600ನೇ ಪೋರ್ಟಿನಲ್ಲಿ ಅಪ್ಪಣೆಗೆ ಕಾಯುತ್ತಾ ಕೂತಿರುತ್ತದೆ. ಆಂಡ್ರಾಯ್ಡ್‌ನಲ್ಲಿ ಎಂ.ಎ.ಎಲ್.ಪಿ. ಅನ್ನುವ ಉಚಿತ ಆ್ಯಪ್ ಹಾಕಿಕೊಂಡು ಪೈನ ಐಪಿ ವಿಳಾಸ ಕೊಟ್ಟರೆ ಸಾಕು. ಬ್ರೌಸರ್‌ನಲ್ಲೇ ಎಲ್ಲ ಕಾಣಬೇಕು ಅಂದರೆ ಮೂಡ್ ಆಡಿಯೋ ಅಥವಾ ವಾಲ್ಯೂಮಿಯೋ ಹಾಕಿ. ಆದರೆ 512 ಎಂಬಿ ರ‍್ಯಾಮ್‌ನ ಮೇಲೆ ಇವು ಕೊಂಚ ನಿಧಾನ. ನನ್ನ ಓಟು ಬರೀ ಎಂಪಿಡಿಗೆ.

ಪ್ರೊಸೆಸರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸೀಡಿ ಗುಣಮಟ್ಟ ಅಂದರೆ ಸೆಕೆಂಡಿಗೆ 44,100 ಸ್ಯಾಂಪಲ್, 16 ಬಿಟ್, ಎರಡು ಚಾನೆಲ್. ಒಟ್ಟು ಸೆಕೆಂಡಿಗೆ 1,411 ಕಿಲೋಬಿಟ್. ಫ್ಲ್ಯಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸಿದ ಫೈಲ್) ಮಾಡಿದರೆ ಅದರ ಅರ್ಧದಿಂದ ಮುಕ್ಕಾಲರಷ್ಟು. ಝೀರೋ 2 ಡಬ್ಲ್ಯೂನ ನಾಲ್ಕು ಕೋರ್‌ಗಳಿಗೆ ಅದು ಲೆಕ್ಕಕ್ಕೇ ಇಲ್ಲ. ಅದರ ವೈಫೈ 2.4 ಗಿಗಾಹರ್ಟ್ಸ್ ಮಾತ್ರ, ಹೌದು. ಆದರೆ ಹಾಡುಗಳು ಪೈಗೆ ಚುಚ್ಚಿದ ಪೆನ್ ಡ್ರೈವ್‌ನಲ್ಲೇ ಇದ್ದರೆ ವೈಫೈ ಮೇಲೆ ಓಡಾಡುವುದು ಬರೀ "ಹಾಕು, ನಿಲ್ಲಿಸು" ಅನ್ನುವ ಅಪ್ಪಣೆ.

ಇನ್ನು ಮುಖ್ಯ ವಿಷಯ, ಡ್ಯಾಕ್. ಝೀರೋದಲ್ಲಿ ಇಯರ್‌ಫೋನ್ ಜ್ಯಾಕ್ ಇಲ್ಲ. ಪೈ 4ರಲ್ಲಿ ಇದೆ, ಆದರೆ ಒಳ್ಳೆಯ ಸ್ಪೀಕರ್‌ಗೆ ಕೊಟ್ಟರೆ ಹಿನ್ನೆಲೆಯಲ್ಲಿ ಸುಯ್ ಅನ್ನುವ ಸದ್ದು ಕೇಳುತ್ತದೆ. ಪೈ 5ರಲ್ಲಿ ಅದನ್ನೂ ತೆಗೆದುಹಾಕಿದ್ದಾರೆ. ಅಂದಮೇಲೆ ಯಾವುದನ್ನು ಕೊಂಡರೂ ಡ್ಯಾಕ್ ಬೇಕೇ ಬೇಕು. ಅಗ್ಗದಲ್ಲಿ ಚೆನ್ನಾಗಿರುವುದು ಪಿಸಿಎಂ5102ಎ ಚಿಪ್ ಇರುವ ನೇರಳೆ ಬಣ್ಣದ ಪುಟ್ಟ ಬೋರ್ಡ್. ತಂತಿ ಐದೇ: 5 ವೋಲ್ಟ್, ಗ್ರೌಂಡ್, ಆಮೇಲೆ ಬೋರ್ಡಿನ ಬಿಸಿಕೆ ಅನ್ನುವ ಪಿನ್ ಅನ್ನು ಪೈನ 12ನೇ ಪಿನ್‌ಗೆ, ಎಲ್ಆರ್‌ಸಿಕೆಯನ್ನು 35ಕ್ಕೆ, ಡಿನ್ ಅನ್ನು 40ಕ್ಕೆ. ಎಸ್‌ಸಿಕೆಯನ್ನು ಗ್ರೌಂಡ್‌ಗೆ ಸೇರಿಸಬೇಕು. ಅದಕ್ಕೆ ಬೋರ್ಡಿನ ಮೇಲೇ ಎರಡು ಪುಟ್ಟ ಪ್ಯಾಡ್‌ಗಳಿವೆ, ಒಂದು ಹನಿ ಬೆಸುಗೆ ಸಾಕು.

ಬಹಳ ಜನ ಕೈಚೆಲ್ಲುವುದು ಬೋರ್ಡ್ ತಿರುಗಿಸಿ ನೋಡದೆ. ಹಿಂಬದಿಯಲ್ಲಿ ನಾಲ್ಕು ಬೆಸುಗೆ ಜಾಗ ಇರುತ್ತವೆ, ಪ್ರತಿಯೊಂದಕ್ಕೂ ಎಚ್ ಮತ್ತು ಎಲ್ ಅಂತ ಎರಡು ಕಡೆ. 1, 2, 4 ಎಲ್ ಕಡೆಗೆ ಸೇರಿರಬೇಕು, 3 ಮಾತ್ರ ಎಚ್ ಕಡೆಗೆ. ಆ ಮೂರನೆಯದೇ ಮ್ಯೂಟ್. ಅದು ಎಚ್‌ಗೆ ಸೇರದಿದ್ದರೆ ಆ್ಯಪ್‌ನಲ್ಲಿ ಹಾಡು ಓಡುತ್ತಿರುತ್ತದೆ, ಸಮಯ ಸರಿಯುತ್ತಿರುತ್ತದೆ, ಸ್ಪೀಕರ್ ಮಾತ್ರ ತುಟಿ ಪಿಟಕ್ಕೆನ್ನುವುದಿಲ್ಲ. ಕೆಲವು ಮಾರಾಟಗಾರರು ಬೆಸೆದೇ ಕಳಿಸುತ್ತಾರೆ, ಕೆಲವರು ಖಾಲಿ ಬಿಡುತ್ತಾರೆ. ಭೂತಗನ್ನಡಿ ಹಿಡಿದು ನೋಡಿ, ಬೆಸುಗೆ ಬರದಿದ್ದರೆ ಹತ್ತಿರದ ಮೊಬೈಲ್ ರಿಪೇರಿ ಅಂಗಡಿಯವರು ಎರಡು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಕಾನ್ಫಿಗ್ ಫೈಲಿನಲ್ಲಿ ಪೈನ ಸ್ವಂತ ಆಡಿಯೋ ಆಫ್ ಮಾಡಿ ಹೈಫೈಬೆರಿ ಡ್ಯಾಕ್ ಓವರ್‌ಲೇ (ಡ್ಯಾಕ್ ಬೋರ್ಡನ್ನು ಪೈಗೆ ಪರಿಚಯಿಸುವ ಸಾಲು) ಸೇರಿಸಿ. ಹೈಫೈಬೆರಿ ಬೇರೆ ಕಂಪನಿಯ ಬೋರ್ಡು, ಆದರೆ ಅದರ ಡ್ರೈವರ್ ಇದಕ್ಕೂ ನಡೆಯುತ್ತದೆ. ಈ ಚಿಪ್‌ನಲ್ಲಿ ಪೈ ತಿರುಗಿಸಬಹುದಾದ ವಾಲ್ಯೂಮ್ ಇಲ್ಲ, ಹಾಗಾಗಿ ಎಂಪಿಡಿಯಲ್ಲಿ ಮಿಕ್ಸರ್ ಅನ್ನು ಸಾಫ್ಟ್‌ವೇರ್ ಅಂತ ಬರೆಯಿರಿ. ಇಲ್ಲದಿದ್ದರೆ ಆ್ಯಪ್‌ನ ವಾಲ್ಯೂಮ್ ಗೆರೆ ಕೆಲಸ ಮಾಡುವುದಿಲ್ಲ. ಆಂಪ್ಲಿಫೈಯರ್‌ನಲ್ಲಿ ಆಕ್ಸ್ ಅಥವಾ ಸೀಡಿ ಅಂತ ಬರೆದ ಕಡೆ ಸಿಕ್ಕಿಸಿ. ಫೋನೋ ಕಡೆ ಬೇಡವೇ ಬೇಡ. ಅದು ಗ್ರಾಮಫೋನ್ ಸೂಜಿಯ ಕೆಲವು ಮಿಲಿವೋಲ್ಟ್‌ಗೆ ಮಾಡಿದ್ದು, ಈ ಡ್ಯಾಕ್ ಕೊಡುವುದು 2 ವೋಲ್ಟ್.

ಇಡುವ ಜಾಗದ ಬಗ್ಗೆ ಒಂದು ಮಾತು. ಪೈಯನ್ನು ಆಂಪ್ಲಿಫೈಯರ್‌ನ ಲೋಹದ ಪೆಟ್ಟಿಗೆಯೊಳಗೇ ಅಡಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೋರ್ಡಿನ ಅಂಚಿನಲ್ಲಿ ತ್ರಿಕೋನಾಕಾರದ ಒಂದು ಖಾಲಿ ಜಾಗ ಕಾಣುತ್ತದಲ್ಲ, ಅದೇ ವೈಫೈ ಆಂಟೆನಾ. ಲೋಹದೊಳಗೆ ಹಾಕಿದರೆ ಮುಗಿಯಿತು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಹೊರಗಿಡಿ. ಸೆಟಪ್ ಮಾಡುವಾಗ ವೈಫೈ ದೇಶ ಇಂಡಿಯಾ ಅಂತ ಆರಿಸಿ, ವೈಫೈನ ಪವರ್ ಸೇವಿಂಗ್ ಆಫ್ ಮಾಡಿ. ಬಹಳ ಹೊತ್ತು ಸುಮ್ಮನಿದ್ದ ಮೇಲೆ ಆ್ಯಪ್ ಕನೆಕ್ಟ್ ಆಗಲು ತಿಣುಕುವುದು ಎಷ್ಟೋ ಸಲ ಅದರಿಂದಲೇ.

ನಮ್ಮ ಕಡೆಯ ದೊಡ್ಡ ತಲೆನೋವು ಕರೆಂಟ್. ಝೀರೋಗೆ ಆಫ್ ಬಟನ್ ಇಲ್ಲ, ಎಸ್‌ಡಿ ಕಾರ್ಡಿಗೆ ಏನಾದರೂ ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡ್ ಕೆಡಬಹುದು. ಎಲ್ಲ ಸರಿಯಾಗಿ ಓಡಲು ಶುರುವಾದ ಮೇಲೆ ರಾಸ್ಪಿ ಕಾನ್ಫಿಗ್ ಅನ್ನುವ ಪೈನ ಸೆಟ್ಟಿಂಗ್ಸ್ ಪಟ್ಟಿಯಲ್ಲಿ ಓವರ್‌ಲೇ ಫೈಲ್ ಸಿಸ್ಟಂ ಆನ್ ಮಾಡಿ. ಆಮೇಲೆ ಕಾರ್ಡಿಗೆ ಏನೂ ಬರೆಯುವುದಿಲ್ಲ, ಎಲ್ಲ ರ‍್ಯಾಮ್‌ನಲ್ಲೇ. ಹೊಸ ಹಾಡು ಸೇರಿಸುವ ದಿನ ಮಾತ್ರ ಅದನ್ನು ತೆಗೆದು, ಪಟ್ಟಿ ಅಪ್‌ಡೇಟ್ ಮಾಡಿ, ಮತ್ತೆ ಹಾಕಬೇಕು. ಈ ರಗಳೆ ಬೇಡ ಅನ್ನುವವರಿಗೆ ಪೈಕೋರ್‌ಪ್ಲೇಯರ್ ಇದೆ, ಅದು ಹುಟ್ಟಿನಿಂದಲೇ ರ‍್ಯಾಮ್‌ನಲ್ಲಿ ಓಡುವಂಥದ್ದು. ಅಡಾಪ್ಟರ್ 5 ವೋಲ್ಟ್, 2.5 ಆಂಪಿಯರ್‌ನದು ತಗೊಳ್ಳಿ. ಡ್ರಾಯರ್ ಮೂಲೆಯ ಹಳೆಯ ಫೋನ್ ಚಾರ್ಜರ್ ನಂಬಬೇಡಿ. ರೂಟರ್‌ಗೆ ಮಿನಿ ಯುಪಿಎಸ್ ಕೊಳ್ಳುವವರಿದ್ದರೆ 5 ವೋಲ್ಟ್ ಯುಎಸ್‌ಬಿ ಔಟ್‌ಪುಟ್ ಇರುವುದನ್ನೇ ಆರಿಸಿ, ಪೈಯೂ ಅದರಲ್ಲೇ ನಡೆಯುತ್ತದೆ.

ಹಾರ್ಡ್‌ವೇರ್ ಒಂದು ಭಾನುವಾರದ ಕೆಲಸ. ಸಮಯ ತಿನ್ನುವುದು ಹಾಡುಗಳ ಹೆಸರು. ಹಳೆಯ ಎಂಪಿ3 ಸೀಡಿಗಳಿಂದ ತೆಗೆದ ಕನ್ನಡ ಹಾಡುಗಳಲ್ಲಿ ಅರ್ಧಕ್ಕೆ "ಟ್ರ್ಯಾಕ್ 01" ಅಂತಿರುತ್ತದೆ. ಇನ್ನು ಕೆಲವನ್ನು ಯೂನಿಕೋಡ್ ಬರುವ ಮುಂಚಿನ ಫಾಂಟ್‌ಗಳಲ್ಲಿ ಟೈಪ್ ಮಾಡಿರುವುದರಿಂದ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಅನ್ನುವ ತಂತ್ರಾಂಶ ತಾನಾಗಿ ಹೆಸರು ಹುಡುಕುತ್ತದೆ, ಆದರೆ ನಮ್ಮ ಕ್ಯಾಸೆಟ್ ಕಾಲದ ಆಲ್ಬಂಗಳು ಅದಕ್ಕೆ ಸಿಗುವುದು ಅಪರೂಪ. ಕೈಯಲ್ಲೇ ತುಂಬಿಸಬೇಕು. ಕನ್ನಡ ಲಿಪಿಯಲ್ಲೇ ತುಂಬಿಸಿ, ಎಂಪಿಡಿಗೂ ಆ್ಯಪ್‌ಗೂ ಏನೂ ತೊಂದರೆ ಇಲ್ಲ; ಅರ್ಧ ಇಂಗ್ಲಿಷ್, ಅರ್ಧ ಕನ್ನಡ ಮಾಡಿದರೆ ಹುಡುಕುವಾಗ ಒಬ್ಬರೇ ಗಾಯಕರು ಎರಡು ಕಡೆ ಇರುತ್ತಾರೆ. ದಾಸರ ಪದ, ಭಾವಗೀತೆಗಳಿಗೆ ಕಂಪೋಸರ್ ಜಾಗದಲ್ಲಿ ರಚಿಸಿದವರ ಹೆಸರು ಹಾಕಿ. ಆಮೇಲೆ ಯಾರು ಹಾಡಿದ್ದರೂ ಒಬ್ಬ ದಾಸರ ಪದಗಳೆಲ್ಲ ಒಂದೇ ಕಡೆ ಸಿಗುತ್ತವೆ. ನನಗಂತೂ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಖುಷಿ ಕೊಟ್ಟದ್ದು ಇದೇ.

ಐಫೋನ್‌ನವರಿಗೆ ಶೇರ್‌ಪೋರ್ಟ್ ಸಿಂಕ್ ಹಾಕಿದರೆ ಏರ್‌ಪ್ಲೇ, ಅಂದರೆ ಫೋನಿನ ಹಾಡನ್ನು ವೈಫೈ ಮೇಲೆ ಕಳಿಸುವ ಸೌಲಭ್ಯ ಸಿಗುತ್ತದೆ. ಸ್ಪಾಟಿಫೈಗೆ ರಾಸ್ಪಾಟಿಫೈ ಇದೆ, ಪ್ರೀಮಿಯಂ ಖಾತೆ ಬೇಕು.

ಬೆಳಗ್ಗೆ ತಾನಾಗಿ ಸುಪ್ರಭಾತ ಬರುವ ಹಾಗೆ ಮಾಡಬಹುದಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಮಾಡಬಹುದು, ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕೆಲಸ ಮಾಡಿಸುವ ವ್ಯವಸ್ಥೆ) ಎಂಪಿಡಿಗೆ ಅಪ್ಪಣೆ ಕೊಡುವ ಎಂಪಿಸಿಯ ಒಂದು ಸಾಲು. ಆದರೆ ಝೀರೋದಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ, ಇಂಟರ್‌ನೆಟ್‌ನಿಂದ ಸಮಯ ಕೇಳಿಕೊಳ್ಳುತ್ತದೆ. ರಾತ್ರಿ ಕರೆಂಟ್ ಹೋಗಿ ಬಂದು, ಇಂಟರ್‌ನೆಟ್ ಬಾರದೆ ಉಳಿದರೆ ನಿಮ್ಮ ಸುಪ್ರಭಾತ ಅದಕ್ಕೆ ತೋಚಿದ ಹೊತ್ತಿಗೆ ಶುರುವಾಗುತ್ತದೆ. ಡಿಎಸ್3231 ಅನ್ನುವ ಗಡಿಯಾರದ ಮಾಡ್ಯೂಲ್ ಸೇರಿಸಿದರೆ ಈ ಪಾಡು ತಪ್ಪುತ್ತದೆ. ಅದು ಕೂರುವುದು 3 ಮತ್ತು 5ನೇ ಪಿನ್‌ಗಳ ಮೇಲೆ, ಡ್ಯಾಕ್‌ನ ತಂತಿಗಳಿಗೆ ಅಡ್ಡಿಯಾಗುವುದಿಲ್ಲ.